ತೀರ್ಪಿನ ಪ್ರತಿ ಯಾರ ಕೈಯಲ್ಲಿದೆ?

ಮುಸ್ಲಿಮ್ ವೈಯಕ್ತಿಕ ಕಾನೂನಿನ ಹೆಸರೆತ್ತಿದರೆ ಸಾಕು, ನಮ್ಮ ಊರುಗಳಲ್ಲಿ ವೇದಿಕೆಗಳು ಸಿದ್ಧವಾಗುತ್ತವೆ. 1985ರ ಶಾಬಾನು ತೀರ್ಪು, 2017ರ ತ್ರಿವಳಿ ತಲಾಕ್ ತೀರ್ಪು, 2019ರ ಕಾಯ್ದೆ, ವಿಚ್ಛೇದಿತ ಮುಸ್ಲಿಮ್ ಮಹಿಳೆಗೂ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್‌ನಡಿ ಜೀವನಾಂಶದ ಹಕ್ಕಿದೆಯೆಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು - ಇವುಗಳ ಕುರಿತು ನಾವು ಮಾಡದ ಭಾಷಣವಿಲ್ಲ, ಹೊರಡಿಸದ ಹೇಳಿಕೆಯಿಲ್ಲ. ಆದರೆ ಅದೇ ಊರಿನ ನ್ಯಾಯಾಲಯದಲ್ಲಿ ತನ್ನ ಪರವಾಗಿ ಬಂದ ಆದೇಶದ ಒಂದು ಪ್ರತಿಗಾಗಿ ಅಲೆಯುತ್ತಿರುವ ಸಹೋದರಿಯ ಜೊತೆ ನಕಲು ಶಾಖೆಯ ಕಿಟಕಿಯ ತನಕ ನಡೆದು ಹೋಗಲು ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದಾರೆ? ದಿಲ್ಲಿಯ ತೀರ್ಪಿನ ಪ್ರತಿ ನಮಗೆಲ್ಲರಿಗೂ ಬೇಕು. ನಮ್ಮ ಮೊಹಲ್ಲಾದ ಹೆಣ್ಣುಮಗಳ ತೀರ್ಪಿನ ಪ್ರತಿ ಯಾರಿಗೂ ಬೇಡ.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರು ಕೌಟುಂಬಿಕ ನ್ಯಾಯಾಲಯದ ಆವರಣದಲ್ಲಿ ಅರ್ಧ ದಿನ ಕಳೆಯಲಿ. "ಕೇಸು ನಿಮ್ಮ ಪರ ಆಗಿದೆ" ಎಂಬ ವಕೀಲರ ಒಂದು ಮಾತನ್ನು ನಂಬಿ ಮನೆಗೆ ಹೋದವರು ಅದೆಷ್ಟೋ ಮಂದಿ. ಕಾಗದ ವಕೀಲರ ಕಚೇರಿಯಲ್ಲೇ ಉಳಿಯುತ್ತದೆ. ಕೆಲವು ವರ್ಷಗಳ ಬಳಿಕ ವಕೀಲರು ಬೇರೆ ಊರಿಗೆ ಹೋಗಿರುತ್ತಾರೆ ಅಥವಾ ಇಹಲೋಕ ತ್ಯಜಿಸಿರುತ್ತಾರೆ. ಆ ಹೆಣ್ಣುಮಗಳಿಗೆ ಪ್ರಕರಣದ ಸಂಖ್ಯೆಯೂ ಗೊತ್ತಿಲ್ಲ, ಆದೇಶದ ದಿನಾಂಕವೂ ನೆನಪಿಲ್ಲ. ಕೈಯಲ್ಲಿ ಕಾಗದವಿಲ್ಲದ ಹಕ್ಕು ನೀರಿನ ಮೇಲೆ ಬರೆದ ಅಕ್ಷರದಂತೆ. ಅದನ್ನು ಗಂಡನಿಗೆ ತೋರಿಸಲಾಗದು, ಠಾಣೆಗೆ ಒಯ್ಯಲಾಗದು, ಜಮಾಅತ್‌ನ ಮುಂದೆ ಇಡಲಾಗದು.

ವಿಳಂಬದ ಬೆಲೆಯೇನೆಂದು ಕಾನೂನೇ ಹೇಳುತ್ತದೆ. ಜೀವನಾಂಶ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕದಿದ್ದರೆ ಆ ಬಾಕಿಗಾಗಿ ವಾರಂಟ್ ಹೊರಡಿಸುವಂತಿಲ್ಲ. ಅಂದರೆ ಮೂರು ವರ್ಷ ಸುಮ್ಮನಿದ್ದ ತಾಯಿ, ಮಕ್ಕಳ ಅನ್ನದ ಎರಡು ವರ್ಷಗಳ ಹಣಕ್ಕೆ ಆ ದಾರಿಯನ್ನು ಮುಚ್ಚಿಕೊಂಡಂತೆ. ಕೌಟುಂಬಿಕ ನ್ಯಾಯಾಲಯದ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಕೊಟ್ಟಿರುವುದು 30 ದಿನ. ಪ್ರತಿ ಸಿದ್ಧವಾಗಲು ತಗಲುವ ಕಾಲವನ್ನು ಈ ಲೆಕ್ಕದಿಂದ ಕಳೆಯಲಾಗುತ್ತದೆ ನಿಜ, ಆದರೆ ಪ್ರತಿಗಾಗಿ ಅರ್ಜಿ ಹಾಕಿದವರಿಗೆ ಮಾತ್ರ ಈ ರಿಯಾಯಿತಿ.

ಇನ್ನೊಂದು ಸಂಗತಿಯನ್ನು ನಮ್ಮ ಖತೀಬರೂ ಕಮಿಟಿಯವರೂ ವಿಶೇಷವಾಗಿ ಗಮನಿಸಬೇಕು. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯ ಪ್ರಕಾರ, ಗಂಡ ನಾಲ್ಕು ವರ್ಷಗಳಿಂದ ಎಲ್ಲಿದ್ದಾನೆಂದೇ ತಿಳಿದಿಲ್ಲ ಎಂಬ ಆಧಾರದಲ್ಲಿ ದೊರೆತ ಡಿಕ್ರಿಯು ಅದರ ದಿನಾಂಕದಿಂದ ಆರು ತಿಂಗಳ ತನಕ ಜಾರಿಗೆ ಬರುವುದಿಲ್ಲ. ಆ ಅವಧಿಯಲ್ಲಿ ಗಂಡ ಮರಳಿ ಬಂದು ದಾಂಪತ್ಯದ ಕರ್ತವ್ಯಗಳನ್ನು ನಿರ್ವಹಿಸಲು ಸಿದ್ಧನೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ಡಿಕ್ರಿ ರದ್ದಾಗುತ್ತದೆ. ಹೀಗಿರುವಾಗ ಡಿಕ್ರಿಯ ಪ್ರತಿಯನ್ನು ಕಣ್ಣಾರೆ ನೋಡದೆ, ಬರೇ ಬಾಯಿಮಾತಿನ ಮೇಲೆ ಮರುವಿವಾಹದ ನಿಕಾಹ್ ಓದಿಸುವುದು ಎಂತಹ ಹೊಣೆಗೇಡಿತನ! ಇದ್ದತ್‌ನ ದಿನಗಳನ್ನು ಬೆರಳು ಮಡಚಿ ಎಣಿಸುವ ನಾವು ಆ ಎಣಿಕೆ ಆರಂಭವಾಗುವ ದಿನಾಂಕವನ್ನು ಊಹೆಗೆ ಬಿಡುವುದೇ? ಡಿಕ್ರಿಯಾದರೆ ಮಹರ್ ಮುಗಿಯಿತು ಎಂಬ ತಪ್ಪು ತಿಳುವಳಿಕೆಯೂ ನಮ್ಮಲ್ಲಿದೆ. ವಿವಾಹ ವಿಸರ್ಜನೆಯಿಂದ ಮಹರ್‌ನ ಹಕ್ಕಿಗೆ ಬಾಧೆಯಿಲ್ಲವೆಂದು ಅದೇ ಕಾಯ್ದೆಯ 5ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ.

ಹಾಗಾದರೆ ದಾಖಲೆ ಎಲ್ಲಿದೆ? ಮೊದಲ ಗೊಂದಲ ಇಲ್ಲಿಯೇ. ಎಲ್ಲ ಊರುಗಳಲ್ಲೂ ಕೌಟುಂಬಿಕ ನ್ಯಾಯಾಲಯವಿಲ್ಲ. ಅದಿರುವಲ್ಲಿ ವಿವಾಹ ವಿಸರ್ಜನೆ, ಮಕ್ಕಳ ಪಾಲನೆ, ಜೀವನಾಂಶ ಮೂರೂ ಒಂದೇ ಕಡೆ. ಇಲ್ಲದ ತಾಲ್ಲೂಕುಗಳಲ್ಲಿ ವಿಸರ್ಜನೆಯ ದಾವೆ ಸಿವಿಲ್ ನ್ಯಾಯಾಲಯದಲ್ಲಿ, ಜೀವನಾಂಶದ ಅರ್ಜಿ ಮ್ಯಾಜಿಸ್ಟ್ರೇಟರ ಮುಂದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣವಿದ್ದರೆ ಅದೂ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಬಳಿಯೇ. ಒಬ್ಬಳೇ ಹೆಣ್ಣುಮಗಳ ಸಂಸಾರದ ಕಥೆ ಮೂರು ಕಡತಗಳಲ್ಲಿ, ಎರಡು ಕಟ್ಟಡಗಳಲ್ಲಿ ಹರಡಿಕೊಂಡಿರಬಹುದು. ಆದ್ದರಿಂದ ಯಾವ ನ್ಯಾಯಾಲಯ, ಯಾವ ಬಗೆಯ ಪ್ರಕರಣ, ಯಾವ ಸಂಖ್ಯೆ, ಯಾವ ವರ್ಷ - ಈ ನಾಲ್ಕನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಹಳೆಯ ಸಮನ್ಸ್, ನೋಟಿಸ್, ವಕೀಲರು ಕೊಟ್ಟ ಚೀಟಿ, ಯಾವುದರಲ್ಲಿಯಾದರೂ ಇದು ಸಿಕ್ಕೀತು. ಇಂದು ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯಿದೆ. ಅದಿದ್ದರೆ ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಪ್ರಕರಣದ ಹಂತವನ್ನು ಮೊಬೈಲಿನಲ್ಲೇ ನೋಡಬಹುದು. ಸಂಖ್ಯೆ ತಿಳಿಯದಿದ್ದರೆ ಕಕ್ಷಿದಾರರ ಹೆಸರು ಮತ್ತು ವರ್ಷದಿಂದಲೂ ಹುಡುಕಬಹುದು. ಆದರೆ ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯುತ್ತಾರೆಂಬುದನ್ನು ಮರೆಯಬಾರದು. ಪರದೆಯ ಮೇಲೆ ಕಂಡದ್ದು ಮಾಹಿತಿಯಷ್ಟೇ. ನ್ಯಾಯಾಲಯದ ಮೊಹರು, ಸಹಿ ಇರುವ ದೃಢೀಕೃತ ಪ್ರತಿಗೆ ಅದು ಸಮನಾಗದು.

ದೃಢೀಕೃತ ಪ್ರತಿಯನ್ನು ಕೇಳುವುದು ಯಾರ ದಯೆಯನ್ನೂ ಬೇಡುವ ಕೆಲಸವಲ್ಲ. ತೀರ್ಪು ಮತ್ತು ಡಿಕ್ರಿಯ ಪ್ರತಿಯನ್ನು ಅರ್ಜಿ ಸಲ್ಲಿಸಿ ಶುಲ್ಕ ಕಟ್ಟಿದ ಕಕ್ಷಿದಾರರಿಗೆ ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಜೀವನಾಂಶದ ಆದೇಶದ ವಿಷಯದಲ್ಲಿ ಕಾನೂನು ಒಂದು ಹೆಜ್ಜೆ ಮುಂದಿದೆ: ಯಾರ ಪರ ಆದೇಶವಾಗಿದೆಯೋ ಅವರಿಗೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಹಳೆಯ ಸಂಹಿತೆಯ 128ನೇ ಸೆಕ್ಷನ್ ಹೇಳುತ್ತಿದ್ದುದು ಇದನ್ನೇ. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 147ನೇ ಸೆಕ್ಷನ್ ಹೇಳುವುದೂ ಇದನ್ನೇ. ಗಂಡ ಯಾವ ಊರಿನಲ್ಲಿದ್ದಾನೋ ಅಲ್ಲಿನ ಮ್ಯಾಜಿಸ್ಟ್ರೇಟರ ಮೂಲಕ ಆ ಆದೇಶವನ್ನು ಜಾರಿ ಮಾಡಿಸಬಹುದೆಂಬುದೂ ಅಲ್ಲೇ ಇದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 24ನೇ ಸೆಕ್ಷನ್ ಕೂಡ ಆದೇಶದ ಪ್ರತಿ ಉಚಿತವೆಂದು ಸಾರುತ್ತದೆ. ಹೀಗಿದ್ದೂ ಮಧ್ಯವರ್ತಿಗಳು ಈ ಪ್ರತಿಗಳಿಗೆ ಬಡ ಹೆಂಗಸರಿಂದ ಹಣ ಕೀಳುತ್ತಾರೆಂದರೆ, ಆ ಪಾಪದಲ್ಲಿ ನಮ್ಮ ಮೌನದ ಪಾಲೂ ಇದೆ.

ಕೆಲವರು ಮಾಹಿತಿ ಹಕ್ಕು ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆ. ನ್ಯಾಯಾಂಗದ ಕಡತಗಳ ಪ್ರತಿಯನ್ನು ನ್ಯಾಯಾಲಯದ ನಿಯಮಗಳ ಮೂಲಕವೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೀರ್ಪಿತ್ತಿದೆ. ಆದ್ದರಿಂದ ನೇರ ದಾರಿಯೆಂದರೆ ನಕಲು ಶಾಖೆಗೆ ಸಲ್ಲಿಸುವ ಅರ್ಜಿ. ದಾವೆಯಲ್ಲಿ ಮೂಲ ನಿಕಾಹ್‌ನಾಮೆಯನ್ನು ಹಾಜರುಪಡಿಸಿದ್ದರೆ, ಪ್ರಕರಣ ಮುಗಿದು ಮೇಲ್ಮನವಿಯ ಅವಧಿ ಕಳೆದ ನಂತರ ಅದನ್ನು ಮರಳಿ ಪಡೆಯಲೂ ಅರ್ಜಿ ಹಾಕಬೇಕು. ವಕೀಲರ ಶುಲ್ಕಕ್ಕೆ ಹಣವಿಲ್ಲವೆಂಬ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಆದಾಯವೆಷ್ಟೇ ಇರಲಿ, ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯ ಬಾಗಿಲನ್ನು ತಟ್ಟಬೇಕಷ್ಟೇ. 15100 ಸಹಾಯವಾಣಿಯೂ ಇದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "ಕೋರ್ಟಿನ ಮೆಟ್ಟಿಲು ಹತ್ತುವುದೇ ಶರೀಅತ್‌ಗೆ ಅವಮಾನ, ಅದರ ಕಾಗದವನ್ನು ಜೋಪಾನ ಮಾಡುವುದು ಬೇರೆಯೇ?" ಎಂಬ ಆಕ್ಷೇಪ. ಹೀಗೆ ಹೇಳುವವರು ಇತಿಹಾಸ ಓದಿಲ್ಲ. 1939ರ ಕಾಯ್ದೆಯ ಹಿಂದೆ ಇದ್ದವರು ಉಲೆಮಾಗಳೇ. ಹನಫೀ ಮಝ್‌ಹಬ್‌ನ ಪ್ರಕಾರ ಬಿಡುಗಡೆಯ ದಾರಿ ಕಾಣದ ಹೆಣ್ಣುಮಕ್ಕಳು ಧರ್ಮವನ್ನೇ ತೊರೆಯುತ್ತಿದ್ದ ಕಾಲದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಮಾಲಿಕೀ ಫಿಕ್‌ಹ್‌ನಿಂದ ಪರಿಹಾರ ಹುಡುಕಿ ಗ್ರಂಥ ಬರೆದರು. ಕಾಯ್ದೆಗೆ ನೆಲೆಯಾದುದು ಆ ಚಿಂತನೆ. ಮುಸ್ಲಿಮ್ ನ್ಯಾಯಾಧೀಶರೇ ಇಂತಹ ಪ್ರಕರಣ ಕೇಳಬೇಕೆಂಬ ಉಲೆಮಾಗಳ ಬೇಡಿಕೆ ಈಡೇರಲಿಲ್ಲವೆಂಬುದು ಸತ್ಯ. ಆದರೆ ಬಾಗಿಲು ತೆರೆಸಿದವರು ಅವರೇ ಎಂಬುದೂ ಅಷ್ಟೇ ಸತ್ಯ.

ದಾಖಲೆಯ ಮಾತಿಗೆ ಬಂದರೆ, ಅದು ನಮಗೆ ಹೊರಗಿನಿಂದ ಬಂದ ಸಂಸ್ಕೃತಿಯೇ ಅಲ್ಲ. ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘ ಸೂಕ್ತವಾದ ಅಲ್‌ಬಕರಃ 282, ಸಾಲವನ್ನು ಬರೆದಿಡಬೇಕೆಂಬ ಆದೇಶವನ್ನು ಒಳಗೊಂಡಿದೆ. ಸಲ್ಲಿಸದ ಮಹರ್ ಸಾಲವಲ್ಲದೆ ಮತ್ತೇನು? ಖಾಝಿಯ ಕರ್ತವ್ಯಗಳನ್ನು ವಿವರಿಸುವ ಫಿಕ್‌ಹ್ ಗ್ರಂಥಗಳು, ಹೊಸ ಖಾಝಿ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಹಿಂದಿನ ಖಾಝಿಯ ದೀವಾನನ್ನು, ಅಂದರೆ ದಾಖಲೆಗಳ ಕಟ್ಟನ್ನು ವಶಕ್ಕೆ ಪಡೆಯುವುದನ್ನು ಸೇರಿಸಿವೆ. ಉಸ್ಮಾನೀ ಕಾಲದ ಶರೀಅತ್ ನ್ಯಾಯಾಲಯಗಳ ಸಿಜಿಲ್ ಎಂಬ ಕಡತಗಳು ಇಸ್ತಾಂಬುಲ್, ಕೈರೋ, ಜೆರುಸಲೇಮ್‌ಗಳಲ್ಲಿ ಇಂದಿಗೂ ಉಳಿದಿವೆ. ತಮ್ಮ ಮಹರ್‌ಗಾಗಿ, ಜೀವನಾಂಶಕ್ಕಾಗಿ ಖಾಝಿಯ ಮುಂದೆ ನಿಂತು ದಾವೆ ಹೂಡಿದ ಮಹಿಳೆಯರ ದಾಖಲೆಗಳು ಅವುಗಳಲ್ಲಿವೆ. ನಾನೂರು ವರ್ಷಗಳ ಹಿಂದಿನ ಕೈರೋದ ಹೆಣ್ಣಿನ ದಾಖಲೆ ಭದ್ರವಾಗಿದೆ, ನಮ್ಮ ನೆರೆಮನೆಯ ಹೆಣ್ಣಿನದು ಕಳೆದುಹೋಗಿದೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೇ?

"ಜಮಾಅತ್‌ನಲ್ಲಿ ಬರೆದುಕೊಟ್ಟ ಕಾಗದವಿದೆಯಲ್ಲ" ಎಂಬುದು ಇನ್ನೊಂದು ವಾದ. ಜಮಾಅತ್‌ನ ಸಂಧಾನದಿಂದ ಎಷ್ಟೋ ಸಂಸಾರಗಳು ಉಳಿದಿವೆ, ಅದಕ್ಕೆ ನಾವು ಕೃತಜ್ಞರು. ಆದರೆ ಫತ್ವಾಗಳಿಗೆ, ದಾರುಲ್ ಕಝಾಗಳ ತೀರ್ಮಾನಗಳಿಗೆ ಕಾನೂನಿನ ಬಲವಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವಾಗ, ಆ ಒಂದೇ ಕಾಗದವನ್ನು ಹೆಣ್ಣಿನ ಕೈಗಿತ್ತು "ಇನ್ನು ಕೋರ್ಟಿಗೆ ಹೋಗಬೇಡ" ಎನ್ನುವುದು ಅವಳಿಗೆ ಮಾಡುವ ವಂಚನೆ. ಹಣ ಕೊಡಲು ಗಂಡ ನಿರಾಕರಿಸಿದ ದಿನ ಕಮಿಟಿಯ ಪದಾಧಿಕಾರಿಗಳು ವಸೂಲಿ ಮಾಡಿಕೊಡುತ್ತಾರೆಯೇ?

ಹಾಗೆಂದು ಕೌಟುಂಬಿಕ ಕಡತ ಊರವರೆಲ್ಲ ಓದುವ ಪತ್ರಿಕೆಯಲ್ಲ. ಕಕ್ಷಿದಾರರಲ್ಲಿ ಒಬ್ಬರು ಬಯಸಿದರೂ ವಿಚಾರಣೆಯನ್ನು ಗೋಪ್ಯವಾಗಿ ನಡೆಸಬೇಕೆಂದು 1984ರ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಹೊರಗಿನವರು ಪ್ರತಿ ಪಡೆಯಬೇಕಾದರೆ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಸಂಬಂಧ ನೋಡುವ ನೆಪದಲ್ಲಿ ಗುಮಾಸ್ತರ ಕೈಬೆಚ್ಚಗೆ ಮಾಡಿ ಇನ್ನೊಬ್ಬರ ಮನೆಯ ಕಡತದ ಫೋಟೋ ತೆಗೆಸುವವರು, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರು ಕಾನೂನಿನ ಮುಂದೆಯೂ ಅಲ್ಲಾಹನ ಮುಂದೆಯೂ ಉತ್ತರಿಸಬೇಕಾದೀತು. ಮಗಳನ್ನು ಕೊಡುವ ತಂದೆಗೆ ವರನ ಹಿಂದಿನ ವಿವಾಹದ ಬಗ್ಗೆ ತಿಳಿಯುವ ಹಕ್ಕಿಲ್ಲವೇ? ಖಂಡಿತ ಇದೆ. ಅದಕ್ಕೆ ಮರ್ಯಾದೆಯ ದಾರಿಯೂ ಇದೆ: ವರನೇ ತನ್ನ ತೀರ್ಪಿನ ದೃಢೀಕೃತ ಪ್ರತಿಯನ್ನು ತಂದು ಮುಂದಿಡಲಿ. ತರಲು ಒಪ್ಪದವನಿಗೆ ಮಗಳನ್ನು ಕೊಡುವ ಅವಸರವಾದರೂ ಏನು?

ಸರಕಾರವೂ ಇಲ್ಲಿ ಉತ್ತರದಾಯಿ. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ ಡಿಕ್ರಿಯ ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕೆಂದು 23ನೇ ಸೆಕ್ಷನ್ ಹೇಳುತ್ತದೆ. 1939ರ ಕಾಯ್ದೆಯಲ್ಲಿ ಅಂತಹ ಮಾತಿಲ್ಲ. ಮುಸ್ಲಿಮ್ ಮಹಿಳೆಯ ವಿಮೋಚನೆಯ ಬಗ್ಗೆ ಹಗಲಿರುಳು ಕಣ್ಣೀರು ಸುರಿಸುವವರಿಗೆ ಈ ಒಂದು ಸಾಲನ್ನು ಸೇರಿಸಬೇಕೆಂದು ಏಕೆ ತೋಚಲಿಲ್ಲ? ಏಕರೂಪ ನಾಗರಿಕ ಸಂಹಿತೆಯ ಗದ್ದಲಕ್ಕಿಂತ ಅವಳಿಗೆ ಹೆಚ್ಚು ಉಪಯೋಗವಾಗುವುದು ತೀರ್ಪಿನ ದಿನವೇ ಕೈಗೆ ಸಿಗುವ, ಅವಳು ಓದಬಲ್ಲ ಕನ್ನಡದ ಒಂದು ಪ್ರತಿ.

ಆದರೆ ಸರಕಾರ ಎಚ್ಚೆತ್ತುಕೊಳ್ಳುವ ತನಕ ಕಾಯಬೇಕಾಗಿಲ್ಲ. ಪ್ರತಿಯೊಂದು ಜಮಾಅತ್ ನ್ಯಾಯಾಲಯದ ಕೆಲಸ ಬಲ್ಲ ಇಬ್ಬರನ್ನು ನೇಮಿಸಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಪ್ರಕರಣ ನಡೆಯುತ್ತಿರುವ ಸಹೋದರಿಯರ ಬಳಿ ಸಿಎನ್‌ಆರ್ ಸಂಖ್ಯೆ ಇದೆಯೇ, ಮುಗಿದವರ ಬಳಿ ಪ್ರತಿ ಇದೆಯೇ ಎಂದು ಅವರು ವಿಚಾರಿಸಲಿ, ಇಲ್ಲದಿದ್ದರೆ ಜೊತೆಗೆ ಹೋಗಿ ಅರ್ಜಿ ಹಾಕಿಸಲಿ. ಮರುವಿವಾಹದ ನಿಕಾಹ್‌ಗೆ ಮುನ್ನ ಡಿಕ್ರಿಯನ್ನು ನೋಡುವುದು ಕಡ್ಡಾಯವಾಗಲಿ. ಕಾಗದ ಮಾತ್ರ ಅವಳ ಬಳಿಯೇ ಇರಲಿ, ಕಮಿಟಿಯ ಕಪಾಟಿನಲ್ಲಲ್ಲ. ಅಮಾನತನ್ನು ಅದರ ಹಕ್ಕುದಾರರಿಗೆ ತಲುಪಿಸಬೇಕೆಂದು ಮಿಂಬರ್‌ನಿಂದ ಸಾರುವವರು ನಾವು. ನ್ಯಾಯಾಲಯದ ರೆಕಾರ್ಡ್ ರೂಮಿನಲ್ಲಿ ಧೂಳು ಹಿಡಿಯುತ್ತಿರುವ ಆ ಆದೇಶದ ಪ್ರತಿಯೂ ಒಂದು ಅಮಾನತ್. ಅದರ ಹಕ್ಕುದಾರಳು ನಮ್ಮ ಮೊಹಲ್ಲಾದಲ್ಲೇ ಇದ್ದಾಳೆ.