ಬಂಡೀಪುರದ ಇರುಳು ಮತ್ತು ಬಳಸುದಾರಿಯ ಹೊಣೆ

ರಾತ್ರಿ 9 ಗಂಟೆಯಾದೊಡನೆ ಬಂಡೀಪುರ ಅರಣ್ಯದ ತನಿಖಾ ಠಾಣೆಗಳಲ್ಲಿ ಗೇಟು ಬೀಳುತ್ತದೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಊಟಿಗೂ ಸಾಗುವ ಎರಡು ಹೆದ್ದಾರಿಗಳಲ್ಲಿ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೊರಡಿಸಿದ ಈ ಆದೇಶವನ್ನು ಮರುವರ್ಷ ರಾಜ್ಯ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಆಂಬುಲೆನ್ಸ್‌ನಂತಹ ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿ ಇದೆ. ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ.

ನಿರ್ಬಂಧ ತೆಗೆಯಬೇಕೆಂಬ ಕೂಗು ಆಗಾಗ ಏಳುತ್ತಲೇ ಇದೆ. 2019ರಲ್ಲಿ ವಯನಾಡಿನ ಯುವಕರು ಇದಕ್ಕಾಗಿ ಉಪವಾಸ ಕುಳಿತಿದ್ದರು. ಅವರ ಅಳಲನ್ನು ನಾವು ಹಗುರವಾಗಿ ಕಾಣಲಾರೆವು. ಗುಂಡ್ಲುಪೇಟೆ ಸೀಮೆಯ ತರಕಾರಿ ಕೇರಳದ ಮಾರುಕಟ್ಟೆಯನ್ನು ನೆಚ್ಚಿಕೊಂಡಿದೆ. ತಡವಾದರೆ ಬಾಡುವುದು ನಮ್ಮ ರೈತನ ಬೆಳೆಯೇ.

ಆದರೆ ವಾಹನದ ಬೆಳಕಿಗೆ ಕಣ್ಣು ಕೋರೈಸಿ ರಸ್ತೆಯ ನಡುವೆ ನಿಂತುಬಿಡುವ ಜಿಂಕೆಗೆ ಅರ್ಜಿ ಸಲ್ಲಿಸಲು ಬಾಯಿಲ್ಲ. ನೀರು ಮೇವುಗಳನ್ನು ಅರಸಿ ಆನೆಗಳು ದಾಟುವ ಜಾಡು ನಮ್ಮ ಡಾಂಬರು ರಸ್ತೆಗಿಂತ ಹಳೆಯದು. ದಿನದ 24 ಗಂಟೆಗಳಲ್ಲಿ 15 ಗಂಟೆ ನಮ್ಮದಾಗಿರುವಾಗ, ಉಳಿದ 9 ಗಂಟೆಗಳನ್ನು ಅವುಗಳಿಗೆ ಬಿಟ್ಟುಕೊಡುವುದು ದಾನವಲ್ಲ, ನ್ಯಾಯ.

ಇರುಳಿನ ಪಯಣಕ್ಕೆ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂತವಾಡಿಯ ಬಳಸುದಾರಿ ಇದ್ದೇ ಇದೆ. ಸುಮಾರು 30 ಕಿಲೋಮೀಟರ್ ಹೆಚ್ಚು. ಈ ಹೆಚ್ಚಳದ ಡೀಸೆಲ್ಲು, ನಿದ್ದೆಗೇಡು, ಬಾಡಿಗೆಗಳೆಲ್ಲ ಚಾಲಕ ಹಾಗೂ ರೈತರ ತಲೆಗೇ ಬೀಳುತ್ತಿರುವುದು ನಮಗೆ ಕಾಣುವ ದೋಷ. ಕಾಡು ಎಲ್ಲರದಾದರೆ ಅದನ್ನು ಉಳಿಸುವ ವೆಚ್ಚವೂ ಎಲ್ಲರದಾಗಬೇಕು. ಬಳಸುದಾರಿಯನ್ನು ವರ್ಷವಿಡೀ ಸುಸ್ಥಿತಿಯಲ್ಲಿಡುವುದು, ಚಾಲಕರಿಗೆ ತಂಗುದಾಣ ಒದಗಿಸುವುದು, ಸರಕಿನ ಲಾರಿಗಳು ಗೇಟು ಬೀಳುವ ಮೊದಲೇ ಕಾಡು ದಾಟುವಂತೆ ಮಾರುಕಟ್ಟೆಯ ವೇಳೆಯನ್ನು ಹೊಂದಿಸುವುದು ಎರಡೂ ಸರ್ಕಾರಗಳ ಕರ್ತವ್ಯ. ಕುಟ್ಟದಾಚೆ ತೋಲ್ಪೆಟ್ಟಿಯಲ್ಲಿ ಈ ದಾರಿಯೂ ಕಾಡನ್ನು ಹೊಕ್ಕು ಹೋಗುತ್ತದೆ. ಅಲ್ಲಿ ವೇಗಕ್ಕೆ ಕಡಿವಾಣ ಬೇಕು.

ಊಟಿ, ವಯನಾಡುಗಳಿಗೆ ಪ್ರವಾಸ ಹೊರಡುವ ಭಕ್ತಬಂಧುಗಳಲ್ಲಿ ನಮ್ಮದೊಂದು ವಿನಂತಿ. ಹೊತ್ತಿಗೆ ಮುಂಚೆ ಹೊರಡಿ. ತಡವಾದರೆ ಗೇಟಿನ ಬಳಿ ಶಿಫಾರಸಿಗಾಗಿ ಫೋನು ಮಾಡದೆ ಬಳಸಿಕೊಂಡು ಹೋಗಿ. ಜೀವದಯೆಯನ್ನು ಬಾಯಲ್ಲಿ ನುಡಿಯುವ ನಾವು ಅದಕ್ಕಾಗಿ ಒಂದು ಗಂಟೆ ಹೆಚ್ಚು ಪಯಣಿಸಲಾರದೆ ಹೋದರೆ ಆ ನುಡಿಗೆ ಬೆಲೆಯೆಲ್ಲಿ?