ಎಣ್ಣೆಯೂ ಗಾಳಿಯೂ

ಅಮೆರಿಕದ ಓಹಾಯೋದಲ್ಲಿರುವ ನನ್ನ ಭಾವಮೈದುನನ ಹುಲ್ಲು ಕತ್ತರಿಸುವ ಸವಾರಿಯಂತ್ರವು ಬಿಸಿಯೇರಿದೊಡನೆ ದಿಬ್ಬವನ್ನೇರಲಾರದೆ ನಿಲ್ಲುತ್ತಿತ್ತು. ಮಾರಿಬಿಡಲು ನಿಶ್ಚಯಿಸಿ, ಕೊಳ್ಳುವವನನ್ನೂ ಗೊತ್ತುಮಾಡಿದ್ದ. ಇಂಥ ಯಂತ್ರದಲ್ಲಿ ಎಂಜಿನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು ಎಣ್ಣೆ: ಪಂಪು ಒತ್ತಿದ ಎಣ್ಣೆಯು ಮೋಟಾರನ್ನು ತಿರುಗಿಸುತ್ತದೆ. ಹಳೆಯ ಎಣ್ಣೆ ಕಾದು ತೆಳುವಾದರೆ ಒಳಗೊಳಗೇ ನುಸುಳಿ ಒತ್ತಡ ಕುಸಿಯುತ್ತದೆ.

ಬದಲಿಸೋಣವೆಂದರೆ ಎಣ್ಣೆ ಇಳಿಸುವ ಬಿರಡೆಯೇ ಇಲ್ಲ! (ಎಣ್ಣೆಗೆ ಮುಪ್ಪಿಲ್ಲವೆಂದು ತಯಾರಕರು ನಂಬಿದ್ದರೇನೋ.) ಪೆಟ್ಟಿಗೆಯನ್ನೇ ಕಳಚಿ ಮಗುಚಿ, ಕೈಪಿಡಿ ಸೂಚಿಸಿದ 20ಡಬ್ಲ್ಯು-50 ಎಣ್ಣೆ ತುಂಬಿದ. ಯಂತ್ರ ಮೊದಲಿಗಿಂತಲೂ ಮಂದವಾಯಿತು! ಒಳಗೆ ಗಾಳಿ ಸೇರಿತ್ತು. ಎಣ್ಣೆ ಕುಗ್ಗದು, ಗಾಳಿ ಕುಗ್ಗಿ ಬಲವನ್ನೆಲ್ಲ ನುಂಗುತ್ತದೆ. ಹಿಂಚಕ್ರಗಳನ್ನೆತ್ತಿ ಭದ್ರಪಡಿಸಿ, ಬೈಪಾಸ್ ಸರಳನ್ನು ತೆರೆದು ಮುಂದಕ್ಕೂ ಹಿಂದಕ್ಕೂ ಐದಾರು ಸಲ ಮೆಲ್ಲನೆ ನಡೆಸಿದ; ಮುಚ್ಚಿ ಮತ್ತೆ ನಡೆಸಿದ; ತಗ್ಗಿದಷ್ಟು ಎಣ್ಣೆ ಹೊಯ್ದ.

ಕೊಳ್ಳಲು ಬಂದವನು ಬರಿಗೈಯಲ್ಲಿ ಮರಳಿದನಂತೆ.