ತಿರುಗಿ ಬೀಳದ ಸಾಕ್ಷಿ



2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಡ್ಯಾನಿಶ್ ಸಿದ್ದಿಕಿಯನ್ನು ಕೊಂದರು. ಆತ ರಾಯಿಟರ್ಸ್ ಸುದ್ದಿಸಂಸ್ಥೆಯ ಛಾಯಾಗ್ರಾಹಕ. ಕೈಯಲ್ಲಿದ್ದದ್ದು ಕ್ಯಾಮೆರಾ. 2017ರಲ್ಲಿ ದೋಣಿ ಇಳಿದು ಬಾಂಗ್ಲಾದೇಶದ ದಂಡೆಯ ಮಣ್ಣು ಮುಟ್ಟಿದ ರೋಹಿಂಗ್ಯಾ ಹೆಂಗಸನ್ನು ಲೋಕಕ್ಕೆ ತೋರಿಸಿದವನು. 2020ರ ಜನವರಿ 30ರಂದು ದಿಲ್ಲಿಯ ಜಾಮಿಯಾ ಹತ್ತಿರ ಒಬ್ಬ ಪಿಸ್ತೂಲು ಎತ್ತಿದಾಗ, ಅವನ ಹಿಂದೆ ಪೊಲೀಸರು ನಿಂತೇ ಇದ್ದದ್ದನ್ನೂ ತೋರಿಸಿದವನು. 2021ರಲ್ಲಿ ಸಾಲು ಚಿತೆಗಳನ್ನು ತೋರಿಸಿದಾಗ, ದೇಶದ ಮಾನ ಕಳೆದ ಎಂದು ಬೈದರು. ಆಕ್ಸಿಜನ್ ಇಲ್ಲದೆ ಮಂದಿ ಸತ್ತಾಗ ಹೋಗದ ಮಾನ ಫೋಟೊ ತೆಗೆದಾಗ ಹೋಯಿತಂತೆ!

ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಇದೆಲ್ಲ ಯಾಕ ಅಂತೀರಿ? ಯಾಕಂದ್ರ ನಮ್ಮ ಸೀಮ್ಯಾಗೂ ಯುದ್ಧ ಆಗೇತಿ. 1948ರಲ್ಲಿ ಮೊದಲು ರಜಾಕಾರರ ಲೂಟಿ, ಕೊಲೆ. ಸೆಪ್ಟೆಂಬರಿನಲ್ಲಿ ಸೈನ್ಯ ಬಂತು. ಅದಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಹೆಸರಿಟ್ಟರು. ಅದರ ಬೆನ್ನಿಗೇ ಮುಸ್ಲಿಮರ ಮೇಲೆ ಸೇಡು. ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗ ಒಂದು. ಆ ವರದಿಗೆ ದಶಕಗಳ ಕಾಲ ಬೀಗ ಬಿತ್ತು.

ನಮಗೆ ಮತ್ತೆ ಮತ್ತೆ ತೋರಿಸುವ ಚಿತ್ರ ಯಾವುದು? ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಪಟೇಲರಿಗೆ ನಿಜಾಮ ಕೈಮುಗಿದದ್ದು. ಅದೇ ನಿಜಾಮನನ್ನು 1950ರಲ್ಲಿ ರಾಜಪ್ರಮುಖ ಮಾಡಿದರು. ದೊಡ್ಡವರು ದೊಡ್ಡವರು ರಾಜಿಯಾದರು. ಗಂಡನನ್ನೂ ಮಗನನ್ನೂ ಕಳಕೊಂಡ ಅವ್ವನ ಮುಖ ಯಾವ ಪಠ್ಯಪುಸ್ತಕದಾಗ ಐತಿ, ಮಾಸ್ತರರೇ, ಹೇಳ್ರಿ!

ಇವತ್ತು ಕ್ಯಾಮೆರಾ ಎಲ್ಲರ ಕಿಸೆಯಲ್ಲಿದೆ. ಆದರೂ ಕೇರಿಗೆ ಪೇಪರಿನವರು ಬರೋದು ಬೂದಿ ಆರಿದ ಮೇಲೆ, ಮಂತ್ರಿಯ ಕಾರಿನ ಹಿಂದೆ. ಅಚ್ಚಾಗೋದು ಪರಿಹಾರ ಕೊಡುವ ಕೈ. ಬೆಂಕಿ ಇಟ್ಟ ಕೈ ಅಲ್ಲ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಬಡವನ ಸಾಕ್ಷಿ ಯಾಕ ತಿರುಗಿ ಬೀಳ್ತದ? ನಾಳೆ ಅದೇ ಗೌಡನ ಹೊಲಕ್ಕ ಕೂಲಿಗೆ ಹೋಗಬೇಕು, ಅದೇ ಅಂಗಡಿಯಿಂದ ಜೋಳ ತರಬೇಕು. ಫೋಟೊಕ್ಕೆ ಹೊಟ್ಟೆ ಇಲ್ಲ, ಕೂಲಿಯ ಹಂಗಿಲ್ಲ.

ಅದಕ್ಕೇ ಹೇಳುತ್ತೇವೆ: ನಮ್ಮ ಹುಡುಗ ಹುಡುಗಿಯರು ಈ ಕೆಲಸ ಕಲಿಯಲಿ. ಹೊಡೆದವನ ಮುಖ, ಒಡೆದ ಕೊಡ, ನೋಡುತ್ತ ನಿಂತ ಖಾಕಿ, ಎಲ್ಲ ತೆಗೆಯಲಿ. ತಾರೀಖು, ಊರು ಬರೆದಿಡಲಿ. ನೊಂದವರನ್ನು ಕೇಳಿ ತೆಗೆಯಲಿ. ನಮ್ಮವರ ಹೆಣ ಮಾರಾಟದ ಸರಕಲ್ಲ. ಒಂದು ಪ್ರತಿ ಊರ ಹೊರಗೆ ಕಳಿಸಲಿ. ತೆಗೆದವರ ಬೆನ್ನಿಗೆ ಸಂಘಟನೆ ನಿಲ್ಲಬೇಕು. ಸಿದ್ದಿಕಿಯ ಹಾಗೆ ಸತ್ತ ಮೇಲೆ ಹೂವಿನ ಹಾರ ಹಾಕೋದು ಸುಲಭ. ತೆಗೆದ ಕೈಯೂ ಬದುಕಬೇಕು, ಚಿತ್ರವೂ ಕೋರ್ಟಿನ ಮೆಟ್ಟಿಲು ಹತ್ತಬೇಕು.